ಮೊದಲು ತಾಯಿಯ ತಟ್ಟೆ: ಮುಂಬಯಿಯಲ್ಲಿ ಬಸುರಿ, ಬಾಣಂತಿ, ಹಸುಗೂಸು ಇರುವ ಮನೆಗಳಿಗೆ

ಮಧ್ಯಾಹ್ನ ಮೂರು ಗಂಟೆಯ ಹೊತ್ತು. ಬಾಣಂತಿಯರ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚದ ಹುಡುಗಿ ಇಂಡಿ ತಾಲ್ಲೂಕಿನ ಕಡೆಯವಳು. ಗಂಡ ಇಲ್ಲೇ ಕಟ್ಟಡದ ಕೆಲಸಕ್ಕೆ ಬಂದವನು. ಹೆರಿಗೆಯಾಗಿ ಒಂದೂವರೆ ದಿನ ಆಗಿತ್ತು. "ಹಾಲೇ ಬರವಲ್ದರೀ ಅಕ್ಕಾ" ಅಂತ ಅಳುತ್ತಿದ್ದಳು. ಪಕ್ಕದಲ್ಲಿ ಅತ್ತೆ, ಅವರ ಮಡಿಲಲ್ಲಿ ಹೊಸದಾಗಿ ತಂದ ಹಾಲಿನ ಪುಡಿ ಡಬ್ಬಿ.

ನಾನು ಕೈ ತೊಳೆದುಕೊಂಡು ಬಂದೆ. ಒಂದು ಸ್ಟೀಲ್ ಚಮಚ ಹಿಡಿದು, ಅವಳ ಕೈಯಿಂದಲೇ ಮೆಲ್ಲಗೆ ಹಿಂಡಿಸಿದೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಹನಿ, ಇನ್ನೊಂದು ಹನಿ. ದಪ್ಪಗೆ, ಹಳದಿಗೆ, ಜೇನಿನ ಹಾಗೆ. ಅತ್ತೆ ಮುಖ ಕಿವುಚಿದರು. "ಇದು ಕೀವು ಇದ್ದಂಗ ಐತಲ್ರೀ."

"ನಿಮ್ಮ ಎಮ್ಮಿ ಈದಾಗ ಗಿಣ್ಣ ಚೆಲ್ತೀರೇನಮ್ಮಾ?" ಅಂತ ಕೇಳಿದೆ.

"ಗಿಣ್ಣ ಯಾರರ ಚೆಲ್ತಾರೇನ್ರೀ!" ಅಂದವರು, ಸೊಸೆಯ ಮುಖ ನೋಡಿದರು, ಚಮಚ ನೋಡಿದರು. ಡಬ್ಬಿ ಚೀಲದೊಳಗೆ ಹೋಯಿತು.

ನಾನು ಧಾರವಾಡದ ಕಡೆಯವಳು. ಗಂಡನ ಮನೆ ಕಾರ್ಕಳ. ಡೊಂಬಿವಲಿಯಲ್ಲಿ ಸಂಸಾರ. ಮುಂಬಯಿಯ ಆಸ್ಪತ್ರೆಗಳಲ್ಲಿ ಇಪ್ಪತ್ತು ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ. ತಾಯಿಯ ಎದೆಹಾಲು ನಿಜಕ್ಕೂ ಸಾಲದೆ ಹೋಗುವುದನ್ನು ನಾನು ಕಂಡಿದ್ದು ಕಡಿಮೆ. ತಾಯಿಗೆ ಊಟ, ನಿದ್ದೆ, ಧೈರ್ಯ ಸಾಲದೆ ಹೋಗುವುದನ್ನು ದಿನಾ ಕಾಣುತ್ತೇನೆ. ಊರಿಂದ ದೂರ, ಒಂದು ಕೋಣೆಯ ಮನೆ, ಬಾಣಂತನಕ್ಕೆ ಅಮ್ಮ ಬಂದರೂ ಹದಿನೈದೇ ದಿನ. ಅಂಥ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಬಸುರಿಯಾಗುವ ಮೊದಲೇ ಶುರು ಮಾಡಿ

ಇದಕ್ಕೆ ಒಳ್ಳೆಯ ಆಧಾರ ನಮ್ಮ ಪಕ್ಕದಲ್ಲೇ ಇದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಜೊತೆಗಾರರು 1993ರಲ್ಲಿ ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು. ಅವರು ಬಸುರಿಯಾದಾಗ ಏನು ತಿಂದರು, ಎಷ್ಟು ಕೆಲಸ ಮಾಡಿದರು, ಮಗು ಎಷ್ಟು ತೂಕ ಬಂತು ಅಂತ ಬರೆದಿಟ್ಟರು. ಸೊಪ್ಪು, ಹಣ್ಣು, ಹಾಲು-ಮೊಸರು ಪದೇ ಪದೇ ತಿಂದ ತಾಯಂದಿರ ಮಕ್ಕಳು ಹುಟ್ಟುವಾಗಲೇ ಸ್ವಲ್ಪ ದೊಡ್ಡದಾಗಿದ್ದವು. ಇನ್ನೊಂದು ಸಂಗತಿ ಅವರನ್ನೇ ಬೆರಗುಗೊಳಿಸಿತು. ನಮ್ಮ ಮಕ್ಕಳು ಹುಟ್ಟುವಾಗ ನೋಡಲು ಸಣ್ಣ, ಕೈಕಾಲು ಕಡ್ಡಿ. ಆದರೆ ಮೈಯಲ್ಲಿ ಕೊಬ್ಬು ಮಾತ್ರ ಕಡಿಮೆ ಇಲ್ಲ. ಮುಂದೆ ಸಕ್ಕರೆ ಕಾಯಿಲೆಗೆ ದಾರಿ ಅಲ್ಲಿಂದಲೇ ಶುರುವಾಗುತ್ತದೆ ಅನ್ನುವ ಯೋಚನೆ ಬೆಳೆದದ್ದು ಇಂಥ ಕೆಲಸದಿಂದ.

ಆಮೇಲೆ ಮುಂಬಯಿಯ ಸರದಿ. 2006ರಿಂದ 2012ರವರೆಗೆ ಇಲ್ಲಿನ ಝೋಪಡಪಟ್ಟಿಗಳ 6,500ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸೇರಿಸಿ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿಗೆ ಸೊಪ್ಪು, ಹಣ್ಣು, ಹಾಲು ಹಾಕಿ ಮಾಡಿದ ತಿಂಡಿ. ಇನ್ನೊಂದಕ್ಕೆ ಆಲೂಗಡ್ಡೆ, ಈರುಳ್ಳಿಯಂಥದ್ದರ ತಿಂಡಿ. ಬಸುರಿಯಾಗುವ ಮೊದಲಿನಿಂದಲೇ ಕೊಟ್ಟರು. ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ಮಗುವಿನ ತೂಕದಲ್ಲಿ ಖಚಿತ ಅನ್ನುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬಸುರಿಯಾಗುವುದಕ್ಕೆ ಮೂರು ತಿಂಗಳು ಮೊದಲಿಂದಲಾದರೂ ತಿಂದವರ ಮಕ್ಕಳು ಸರಾಸರಿ 48 ಗ್ರಾಂ ಜಾಸ್ತಿ ತೂಗಿದವು. ಒಂದು ಕೋಳಿಮೊಟ್ಟೆಯ ತೂಕ! ಬಸುರಿಯಲ್ಲಿ ಬರುವ ಸಕ್ಕರೆ ಕಾಯಿಲೆಯೂ ಸೊಪ್ಪಿನ ತಿಂಡಿ ತಿಂದವರಲ್ಲಿ ಕಡಿಮೆ ಇತ್ತು: ಒಂದು ಕಡೆ ನೂರಕ್ಕೆ 12.4, ಇನ್ನೊಂದು ಕಡೆ 7.3. ಔಷಧಿಯಿಂದ ಬಂದ ಫಲ ಇದಲ್ಲ. ಬಾಜಿ ಮಾರ್ಕೆಟ್ಟಿನಿಂದ ಬಂದದ್ದು.

ಹಾಗಾಗಿ ಮಗು ಬೇಕು ಅಂತ ಮನಸ್ಸು ಮಾಡಿದ ದಿನವೇ ಸೊಪ್ಪಿನ ಲೆಕ್ಕ ಶುರು ಮಾಡಿ. ದಿನಕ್ಕೆ ಒಂದು ಬಟ್ಟಲು ಬೆಂದ ಸೊಪ್ಪು, ಒಂದು ಹಣ್ಣು, ಒಂದು ಲೋಟ ಹಾಲು ಅಥವಾ ಮೊಸರು. ಊರಿನಿಂದ ಹೊಸದಾಗಿ ಬಂದವರಿಗೆ ಇಲ್ಲಿನ ಹೆಸರು ಗೊತ್ತಾಗುವುದಿಲ್ಲ, ಅದಕ್ಕೆ ಬರೆಯುತ್ತೇನೆ. ಸಬ್ಬಸಿಗೆಗೆ ಇಲ್ಲಿ ಶೇಪು ಅಂತಾರೆ. ಕೆಂಪು ಹರಿವೆ ಅಂದರೆ ಲಾಲ್ ಮಾಠ. ಪುಂಡಿಪಲ್ಲೆ ಅಂದರೆ ಅಂಬಾಡಿ. ಬಸಳೆ ಅಂದರೆ ಮಯಾಳು. ರಾಗಿ ಅಂದರೆ ನಾಚಣಿ. ನುಗ್ಗೆಸೊಪ್ಪು ಬೇಕಾದರೆ ಶೇವಗಾ ಪಾಲಾ ಅಂತ ಕೇಳಿ. ಕೆಲವು ಭಾಜಿವಾಲಿಗಳು ಹಿಂದಿನ ದಿನ ಹೇಳಿದರೆ ತಂದುಕೊಡುತ್ತಾರೆ.

ಇದೇ ಹೊತ್ತಿಗೆ ಡಾಕ್ಟರನ್ನು ಕೇಳಿ ಫೋಲಿಕ್ ಆಸಿಡ್ ಶುರು ಮಾಡಿ. ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಮೊದಲ 28 ದಿನದೊಳಗೆ. ಎಷ್ಟೋ ಜನಕ್ಕೆ ಆಗಿನ್ನೂ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ.

ಹೆಜ್ಜೆ 2: ಗುಳಿಗೆಯ ಹೊತ್ತು ಸರಿ ಮಾಡಿಕೊಳ್ಳಿ

ನಾಲ್ಕನೇ ತಿಂಗಳಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಗುಳಿಗೆ ಕೊಡುತ್ತಾರೆ. ಕಬ್ಬಿಣದ ಗುಳಿಗೆ ದಿನಕ್ಕೊಂದು, 180 ದಿನ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಹೆರಿಗೆಯಾದ ಮೇಲೆ ಮತ್ತೆ 180 ದಿನ. ಕ್ಯಾಲ್ಸಿಯಂ ದಿನಕ್ಕೆ ಎರಡು ಸಲ.

ತಪ್ಪಾಗುವುದು ಇಲ್ಲೇ. ಎರಡನ್ನೂ ಒಟ್ಟಿಗೆ ನುಂಗಿ, ಮೇಲೆ ಒಂದು ಲೋಟ ಚಹಾ ಕುಡಿಯುತ್ತಾರೆ. ಕ್ಯಾಲ್ಸಿಯಂ ಇದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಚಹಾ ಇದ್ದರಂತೂ ಇನ್ನೂ ಕಡಿಮೆ. ನಾನು ಹೇಳಿಕೊಡುವುದು ಹೀಗೆ: ಕ್ಯಾಲ್ಸಿಯಂ ಬೆಳಗಿನ ತಿಂಡಿ ಜೊತೆ ಒಂದು, ಮಧ್ಯಾಹ್ನದ ಊಟದ ಜೊತೆ ಒಂದು. ಕಬ್ಬಿಣ ರಾತ್ರಿ ಊಟವಾಗಿ ಒಂದೆರಡು ಗಂಟೆ ಬಿಟ್ಟು, ನಿಂಬೆಹಣ್ಣಿನ ನೀರಿನ ಜೊತೆ. ರಾತ್ರಿ ತೆಗೆದುಕೊಂಡರೆ ಹೊಟ್ಟೆ ತೊಳಸುವುದೂ ಅಷ್ಟು ಗೊತ್ತಾಗುವುದಿಲ್ಲ. ಮಲ ಕಪ್ಪಾದರೆ ಹೆದರಬೇಡಿ, ಅದು ಕಬ್ಬಿಣದ ಬಣ್ಣ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಡೋಸ್ ಬದಲಾಗಬಹುದು, ಅದನ್ನು ಡಾಕ್ಟರೇ ಹೇಳಲಿ.

ಸಸ್ಯಾಹಾರಿ ಮನೆಗಳಿಗೆ ಒಂದು ಮಾತು ಒತ್ತಿ ಹೇಳಬೇಕು. ವಿಟಮಿನ್ ಬಿ12 ಸೊಪ್ಪಿನಲ್ಲಿ ಇಲ್ಲ, ಬೇಳೆಯಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಸಿಗುತ್ತದೆ. ಪುಣೆಯ ಅದೇ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ತಾಯಂದಿರಿಗೆ ಬಿ12 ಕಡಿಮೆ ಇತ್ತು. ಫೋಲೇಟ್ (ಫೋಲಿಕ್ ಆಸಿಡ್ ಇದರದೇ ರೂಪ) ಜಾಸ್ತಿ, ಬಿ12 ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಲಕ್ಷಣ ಹೆಚ್ಚಾಗಿ ಕಂಡಿತು. ಬಿ12 ತೀರಾ ಕಡಿಮೆ ಇರುವ ತಾಯಿಯ ಹಾಲಿನಲ್ಲೂ ಅದು ಕಡಿಮೆಯೇ. ಅಂಥ ಹಾಲನ್ನಷ್ಟೇ ಕುಡಿದ ಮಗು ಏಳೆಂಟು ತಿಂಗಳಿಗೆ ಮಂಕಾಗಿ, ಕಲಿತದ್ದನ್ನು ಮರೆತು, ಕೈಕಾಲು ನಡುಗಿಸುತ್ತಾ ವಾರ್ಡಿಗೆ ಬಂದದ್ದನ್ನು ನೋಡಿದ್ದೇನೆ. ಕೂದಲು ಕಂದು ಬಣ್ಣಕ್ಕೆ ತಿರುಗಿತ್ತು. ನಗುವುದನ್ನೇ ಬಿಟ್ಟಿತ್ತು. ತಾಯಿ ಎರಡು ಹೊತ್ತು ಮಡಿಯಲ್ಲಿ ಅನ್ನ ಸಾರು ಉಂಡವರು, ಹಾಲು ಮಕ್ಕಳಿಗೆ ಅಂತ ಎತ್ತಿಟ್ಟವರು. ದಯವಿಟ್ಟು ಬಸುರಿಯಲ್ಲೇ ಒಮ್ಮೆ ಬಿ12 ರಕ್ತಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಡಾಕ್ಟರು ಬರೆದುಕೊಡುವ ಗುಳಿಗೆ ಬಿಡಬೇಡಿ.

ಹೆಜ್ಜೆ 3: ಎಂಟನೇ ತಿಂಗಳಲ್ಲಿ ಆಸ್ಪತ್ರೆಯವರನ್ನು ಮೂರು ಪ್ರಶ್ನೆ ಕೇಳಿ

ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಕೊಡುತ್ತೀರಾ? ಸಿಸೇರಿಯನ್ ಆದರೂ ಮಗುವನ್ನು ನನ್ನ ಹತ್ತಿರವೇ ಇಡುತ್ತೀರಾ? ನನ್ನನ್ನು ಕೇಳದೆ ಪುಡಿಹಾಲು ಕೊಡುವುದಿಲ್ಲ ತಾನೇ?

ಈ ಮೂರನೆಯದು ನನ್ನ ಸ್ವಂತ ಗಾಯ. ನನ್ನ ಮೊದಲ ಮಗಳು ಹುಟ್ಟಿದ್ದು ಉಪನಗರದ ಒಂದು ನರ್ಸಿಂಗ್ ಹೋಮಿನಲ್ಲಿ. ಸಿಸೇರಿಯನ್ ಆಗಿ ನನಗೆ ಮಂಪರು. ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿಲ ಪಕ್ಕ ಅರ್ಧ ಕುಡಿದ ಬಾಟಲಿ. "ನೀವು ಮಲಗಿದ್ರಿ, ಮಗು ಅಳ್ತಿತ್ತು" ಅಂದರು. ಹೊಟ್ಟೆ ತುಂಬಿದ ಮಗು ಎದೆ ಹಿಡಿಯಲಿಲ್ಲ. ಮಗು ಚೀಪದಿದ್ದರೆ ಹಾಲು ಹೇಗೆ ಹೆಚ್ಚಬೇಕು? ಬಾಟಲಿ ಬಿಡಿಸಿ ಅವಳನ್ನು ಎದೆಗೆ ತರಲು ಮೂರು ವಾರ ಬೇಕಾಯಿತು. ನರ್ಸ್ ಆಗಿದ್ದ ನನಗೇ ಹೀಗಾದರೆ, ಭಾಷೆ ಬಾರದ ಹುಡುಗಿಯ ಗತಿ ಏನು ಅಂತ ಅವತ್ತಿನಿಂದ ಯೋಚಿಸುತ್ತೇನೆ.

ಕಾನೂನು ನಿಮ್ಮ ಪರವಾಗಿದೆ. 1992ರ ಕಾಯ್ದೆ ಪ್ರಕಾರ ಮಕ್ಕಳ ಪುಡಿಹಾಲಿನ ಜಾಹೀರಾತು ಕೊಡುವಂತಿಲ್ಲ. ತಾಯಂದಿರಿಗೆ ಸ್ಯಾಂಪಲ್ ಹಂಚುವಂತಿಲ್ಲ. ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತೆಯೂ ಇಲ್ಲ.

ಹೆಜ್ಜೆ 4: ಮೊದಲ ಗಂಟೆ, ಮೊದಲ ಮೂರು ದಿನ

ಹುಟ್ಟಿದ ಕೂಡಲೇ ಮಗುವನ್ನು ಒರೆಸಿ, ಬಟ್ಟೆ ಸುತ್ತದೆ, ತಾಯಿಯ ಎದೆ ಮೇಲೆ ಬೋರಲು ಮಲಗಿಸಿ ಮೇಲೆ ಹೊದಿಸಬೇಕು. ಮೈಗೆ ಮೈ ತಾಗಿದರೆ ಮಗು ಬೆಚ್ಚಗಿರುತ್ತದೆ, ತಾನೇ ಬಾಯಿ ಆಡಿಸುತ್ತಾ ಎದೆ ಹುಡುಕುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗದ ನೋಟ ಅದು.

ಆಗ ಬರುವ ಹಳದಿ ಹಾಲು ಸ್ವಲ್ಪವೇ. ಆದರೆ ಮಗುವಿಗೆ ಆಗ ಬೇಕಾಗಿರುವುದೂ ಸ್ವಲ್ಪವೇ, ಒಂದು ಸಲಕ್ಕೆ ಒಂದು ಟೀ ಚಮಚದಷ್ಟು. ಅದರಲ್ಲಿ ರೋಗ ತಡೆಯುವ ವಸ್ತು ತುಂಬಾ ಇರುತ್ತದೆ, ಮಗುವಿನ ಕರುಳಿನ ಒಳಗೆ ಲೇಪ ಹಚ್ಚಿದ ಹಾಗೆ ಕೆಲಸ ಮಾಡುತ್ತದೆ. ಬಿಳಿ ಹಾಲು ತುಂಬಿ ಬರುವುದು ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ. ನಡುವಿನ ಆ ಎರಡು ರಾತ್ರಿಗಳಲ್ಲೇ ಮನೆಯವರು ಸೋಲುವುದು. ಒಳಲೆಯಲ್ಲಿ (ಮಗುವಿಗೆ ಕುಡಿಸುವ ಪುಟ್ಟ ಮೂತಿಯ ಬಟ್ಟಲು) ಸಕ್ಕರೆ ನೀರು, ಹಸುವಿನ ಹಾಲು, ನಾಲಿಗೆಗೆ ಜೇನು, ತೇದ ಬಜೆ, ಮೂಲಿಕೆ ತೇದು ಮಾಡಿದ ಘುಟ್ಟಿ. ಯಾವುದೂ ಬೇಡ. ಜೇನನ್ನಂತೂ ಒಂದು ವರ್ಷದವರೆಗೂ ನೆಕ್ಕಿಸಬೇಡಿ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಹಸುಗೂಸಿನ ಕರುಳಿನಲ್ಲಿ ಬೆಳೆದು, ಮಗುವಿನ ಕೈಕಾಲು ಸೋತುಹೋಗುವ ಬಾಟುಲಿಸಂ ಕಾಯಿಲೆ ತರಬಲ್ಲದು.

ಬಾಯಿ ಹಚ್ಚುವುದನ್ನು ಸಾವಧಾನವಾಗಿ ಕಲಿಯಿರಿ. ಬೆನ್ನಿಗೆ ದಿಂಬು ಕೊಟ್ಟು ಕೂರಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಮಗು ಕತ್ತು ತಿರುಗಿಸಿ ಕುಡಿಯುವಂತಾಗಬಾರದು. ಮೊಲೆತೊಟ್ಟಿನಿಂದ ಮಗುವಿನ ಮೇಲ್ತುಟಿ ಸವರಿ. ಆಕಳಿಸುವಷ್ಟು ಅಗಲಕ್ಕೆ ಬಾಯಿ ತೆರೆಯುವವರೆಗೆ ಕಾಯಿರಿ. ತೆರೆದ ಕೂಡಲೇ ಮಗುವನ್ನು ಎದೆಯ ಕಡೆಗೆ ತನ್ನಿ, ನೀವು ಬಾಗಬೇಡಿ. ಸರಿಯಾಗಿ ಹಿಡಿದರೆ ಗದ್ದ ಎದೆಗೆ ಒತ್ತಿರುತ್ತದೆ, ಕೆಳತುಟಿ ಹೊರಗೆ ಮಡಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲುಗಡೆ ಜಾಸ್ತಿ ಕಾಣುತ್ತದೆ, ಕೆಳಗೆ ಕಡಿಮೆ. ನುಂಗುವ ಸದ್ದು ಕೇಳುತ್ತದೆ. ತೊಟ್ಟು ಕಿತ್ತು ಹೋಗುವ ಹಾಗೆ ನೋಯುತ್ತಿದ್ದರೆ ಬಾಯಿ ಸರಿ ಹತ್ತಿಲ್ಲ ಅಂತಲೇ ಅರ್ಥ. ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಚ್ಚಿ. ಹಲ್ಲು ಕಚ್ಚಿ ಸಹಿಸಬೇಡಿ.

ಮಗು ಹಿಡಿಯುತ್ತಲೇ ಇಲ್ಲವಾದರೆ ಕೈಯಿಂದ ಹಿಂಡಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ, ಬಿಡಿ. ಒತ್ತಿ, ಕೂಡಿಸಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ. ಬಂದದ್ದನ್ನು ಚಮಚದಲ್ಲೋ ಕುದಿಸಿದ ಒಳಲೆಯಲ್ಲೋ ಹಿಡಿದು ಕುಡಿಸಿ. ಒಳಲೆ ನಮ್ಮಜ್ಜಿಯರ ಕಾಲದ ಒಳ್ಳೆಯ ಸಾಧನ, ಬಾಟಲಿಗಿಂತ ತೊಳೆಯುವುದೂ ಸುಲಭ.

ದಿನಕ್ಕೆ 8ರಿಂದ 12 ಸಲ ಕುಡಿಸಬೇಕು, ರಾತ್ರಿಯೂ ಸೇರಿ. ಹಾಲು ತಯಾರು ಮಾಡಿಸುವ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ರಾತ್ರಿ ಹೊತ್ತು ಜಾಸ್ತಿ ಇರುತ್ತದೆ. ಎದೆ ಖಾಲಿಯಾದಷ್ಟೂ ಹಾಲು ಬೇಗ ಊರುತ್ತದೆ. ಬಾವಿಯ ಒರತೆ ಇದ್ದ ಹಾಗೆ, ಸೇದಿದರೆ ಬರುತ್ತದೆ.

ಹೆಜ್ಜೆ 5: ಸಾಕಾಗುತ್ತಿದೆಯಾ ಅಂತ ಡೈಪರ್ ನೋಡಿ ತಿಳಿಯಿರಿ

ಅಳುವುದೆಲ್ಲ ಹಸಿವಲ್ಲ. ಐದನೇ ದಿನದಿಂದ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ, ಕಪ್ಪು ಮಲ ಹೋಗಿ ಹಳದಿ ಬಂದರೆ, ಹಾಲು ಸಾಕಾಗುತ್ತಿದೆ. ಮೊದಲ ದಿನಗಳಲ್ಲಿ ಮಗು ಸ್ವಲ್ಪ ತೂಕ ಕಳೆದುಕೊಳ್ಳುವುದು ಸಹಜ. ನೂರಕ್ಕೆ ಹತ್ತರಷ್ಟು ಇಳಿದರೆ ಡಾಕ್ಟರಿಗೆ ತೋರಿಸಿ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಏರುತ್ತದೆ.

ಮಗು ಕುಡಿಯುವುದನ್ನೇ ಬಿಟ್ಟರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ, ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಫಿಟ್ಸ್ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ತಾಯಿಯ ಎದೆ ಒಂದು ಕಡೆ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ಕುಡಿಸುವುದನ್ನು ಮಾತ್ರ ನಿಲ್ಲಿಸಬೇಡಿ. ಹೆಚ್ಚಿನ ಔಷಧಿಗಳ ಜೊತೆ ಹಾಲು ಕೊಡಬಹುದು. ಕ್ಯಾನ್ಸರ್ ಔಷಧಿಯಂಥ ಕೆಲವಕ್ಕೆ ಮಾತ್ರ ನಿಲ್ಲಿಸಬೇಕಾಗುತ್ತದೆ, ಅದನ್ನು ಡಾಕ್ಟರೇ ಹೇಳುತ್ತಾರೆ.

ಹೆಜ್ಜೆ 6: ಬಾಣಂತಿಯ ತಟ್ಟೆ

ಎದೆಹಾಲು ಒಂದು ವಿಚಿತ್ರ. ಸಣಕಲು ತಾಯಿಯೂ ಮಗುವಿಗೆ ಸಾಕಾಗುವಷ್ಟು ಹಾಲು ಕೊಡುತ್ತಾಳೆ. ದಿನಕ್ಕೆ ಮುಕ್ಕಾಲು ಲೀಟರ್ ಹತ್ತಿರ. ತಾಯಿ ತಿನ್ನದಿದ್ದರೂ ಹಾಲಿನ ಕ್ಯಾಲ್ಸಿಯಂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎಲ್ಲಿಂದ ಬರುತ್ತದೆ ಅದು? ಅವಳ ಎಲುಬಿನಿಂದ. "ಹಾಲು ಬರಲಿ ಅಂತ ತಿನ್ನು" ಅನ್ನುತ್ತಾರೆ. ನಾನು ಹೇಳುವುದು, ನಿನಗೋಸ್ಕರ ತಿನ್ನು ತಾಯಿ. ಮಗು ಹೇಗಾದರೂ ತನ್ನ ಪಾಲು ಎಳೆದುಕೊಳ್ಳುತ್ತದೆ. ಉಳಿದದ್ದರಲ್ಲಿ ನೀನು ಬದುಕಬೇಕು.

ಆದರೆ ಬಿ12, ವಿಟಮಿನ್ ಎ, ಅಯೋಡಿನ್, ಒಳ್ಳೆಯ ಕೊಬ್ಬು ಇವೆಲ್ಲ ತಾಯಿ ತಿಂದ ಹಾಗೆ ಹಾಲಿನಲ್ಲೂ ಹೆಚ್ಚುಕಡಿಮೆ ಆಗುತ್ತವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಲೆಕ್ಕದಂತೆ ಮೊದಲ ಆರು ತಿಂಗಳು ಹಾಲೂಡುವ ತಾಯಿಗೆ ದಿನಕ್ಕೆ 600 ಕ್ಯಾಲೊರಿ ಜಾಸ್ತಿ ಬೇಕು. ಬಸುರಿಯಲ್ಲಿ ಬೇಕಾಗಿದ್ದ 350ಕ್ಕಿಂತ ಇದು ಹೆಚ್ಚು. ನಮ್ಮಲ್ಲಿ ಬಸುರಿಗೆ ಬಯಕೆ ಊಟ, ಸೀಮಂತ ಎಲ್ಲ ಮಾಡಿ, ಬಾಣಂತಿಗೆ ಮೆಣಸಿನ ಸಾರು ಅನ್ನ ಹಾಕಿ ಕೂರಿಸುತ್ತೇವೆ! ಆ 600 ಅಂದರೆ ಏನು ಅಂತ ತಟ್ಟೆಯಲ್ಲಿ ಹೇಳುತ್ತೇನೆ. ದಿನದ ಊಟದ ಮೇಲೆ ಇನ್ನೆರಡು ಚಪಾತಿ, ಒಂದು ಬಟ್ಟಲು ಗಟ್ಟಿ ಬೇಳೆ, ಒಂದು ಲೋಟ ಹಾಲು, ಒಂದು ಹಿಡಿ ಶೇಂಗಾ. ಅಷ್ಟೇ. ದುಬಾರಿಯೇನಲ್ಲ.

ಅಮ್ಮಂದಿರು ಊರಿಂದ ತರುವ ಡಬ್ಬಿಗಳನ್ನು ಹಳೇ ಕಾಲದ್ದು ಅಂತ ಸರಿಸಬೇಡಿ. ಅಂಟಿನುಂಡೆಯಲ್ಲಿ ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬಾದಾಮಿ, ಬೆಲ್ಲ, ತುಪ್ಪ. ಮಧ್ಯರಾತ್ರಿ ಎರಡು ಗಂಟೆಗೆ ಕುಡಿಸಿ ಮುಗಿಸಿದಾಗ ಹೊಟ್ಟೆ ಕರೆಯುತ್ತದಲ್ಲ, ಆಗ ಒಂದು ಕೈಯಲ್ಲಿ ತಿನ್ನಲು ಇದಕ್ಕಿಂತ ಒಳ್ಳೆಯದು ಯಾವುದಿದೆ? ನಮ್ಮ ಕಡೆಯ ಅಳ್ವಿ ಬೀಜ ಇಲ್ಲಿ ಹಳೀವ್ ಅಂತ ಸಿಗುತ್ತದೆ. ಕಬ್ಬಿಣ ಚೆನ್ನಾಗಿರುತ್ತದೆ, ಹಾಲು ಬೆಲ್ಲ ಹಾಕಿ ಪಾಯಸ ಮಾಡಿ. ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿ ಬೇಕಾದಷ್ಟು ತಿನ್ನಿ. ಹಾಲು ಎಷ್ಟು ಹೆಚ್ಚುತ್ತದೆ ಅನ್ನುವುದಕ್ಕಿಂತ ತಾಯಿಯ ಹೊಟ್ಟೆಗೆ ಸೊಪ್ಪು ಬಿತ್ತಲ್ಲ, ಅದೇ ನನಗೆ ಸಮಾಧಾನ. ಉಂಡೆಯೇ ಊಟವಾಗಬಾರದು, ಅಷ್ಟೇ.

ಕರಾವಳಿಯ ಮನೆಗಳಲ್ಲಿ ಬಂಗುಡೆ, ಬೂತಾಯಿ ಮಾಡಿ. ಇಲ್ಲಿನ ಮೀನು ಮಾರುವ ಕೋಲಿ ಸಮುದಾಯದ ಹೆಂಗಸರ ಬುಟ್ಟಿಯಲ್ಲಿ ಬಾಂಗ್ಡಾ, ತಾರ್ಲಿ ಅಂತ ಕೇಳಿ. ಮಗುವಿನ ಮಿದುಳಿಗೆ ಬೇಕಾದ ಒಮೆಗಾ-3 ಇದೆ, ಬಿ12 ಇದೆ, ಬೆಲೆಯೂ ಕೈಗೆಟುಕುತ್ತದೆ. ಹಾಲು ಹೆಚ್ಚಲಿ ಅಂತ ಕೆಲವು ಮನೆಗಳಲ್ಲಿ ತಾಟೆ ಕೊಡುವುದುಂಟು. ಅದು ಶಾರ್ಕ್ ಜಾತಿ. ದೊಡ್ಡ ಶಾರ್ಕುಗಳಲ್ಲಿ ಪಾದರಸ ಜಾಸ್ತಿ, ಹಾಗಾಗಿ ಬಿಡುವುದೇ ಒಳ್ಳೆಯದು.

ನೀರು ಕೊಡಬಾರದು, ಮಗುವಿಗೆ ಶೀತವಾಗುತ್ತದೆ ಅನ್ನುವ ಮಾತನ್ನು ಮಾತ್ರ ಒಪ್ಪಬೇಡಿ. ಎದೆಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಮುಂಬಯಿಯ ಸೆಕೆಯಲ್ಲಿ ಬಾಣಂತಿಗೆ ನೀರು ತಪ್ಪಿಸಿದರೆ ಮಲಬದ್ಧತೆ, ಉರಿಮೂತ್ರ ಖಂಡಿತ. ಪ್ರತಿ ಸಲ ಕುಡಿಸುವಾಗ ಪಕ್ಕದಲ್ಲಿ ಒಂದು ಲೋಟ ನೀರು ಇರಲಿ. ಮಗುವಿಗೆ ಮಾತ್ರ ಆರು ತಿಂಗಳವರೆಗೆ ನೀರು ಬೇಡ, ಮೇ ತಿಂಗಳಲ್ಲೂ ಬೇಡ. ಹಾಲಿನಲ್ಲೇ ಸಾಕಷ್ಟಿದೆ.

ಕಿಟಕಿ ಮುಚ್ಚಿ ಸಾಂಬ್ರಾಣಿ ಹೊಗೆ ಹಾಕುವುದು ಹತ್ತಡಿ ಕೋಣೆಗೆ ಹೊಂದುವುದಿಲ್ಲ, ಹಸುಗೂಸಿನ ಶ್ವಾಸಕೋಶಕ್ಕೆ ಕಷ್ಟ. ಕಿವಿ ಮೂಗಿಗೆ ಎಣ್ಣೆ, ಕಣ್ಣಿಗೆ ಕಾಡಿಗೆ ಬೇಡ. ವಿಟಮಿನ್ ಡಿ ಹನಿ ಮಾತ್ರ ದಿನಾ ಹಾಕಿ, 400 ಯೂನಿಟ್, ಒಂದು ವರ್ಷದವರೆಗೆ. ಎದೆಹಾಲಿನಲ್ಲಿ ಅದೊಂದು ಕಡಿಮೆ.

ಬಾಣಂತಿಯ ನಿದ್ದೆಯನ್ನೂ ತಟ್ಟೆಗೇ ಸೇರಿಸುತ್ತೇನೆ. ಗಂಡ ಮಗುವನ್ನು ತೇಗಿಸಲಿ, ಬಟ್ಟೆ ಬದಲಿಸಲಿ, ಒಂದು ಹೊತ್ತಿನ ಅಡಿಗೆ ಮಾಡಲಿ. ಎರಡು ವಾರ ಕಳೆದರೂ ಅವಳು ಸುಮ್ನೆ ಅಳುತ್ತಿದ್ದರೆ, ಮಗುವನ್ನು ನೋಡಲೂ ಮನಸ್ಸಿಲ್ಲದಿದ್ದರೆ, ಅದು ಕಾಯಿಲೆ. ಬಯ್ಯಬೇಡಿ. ಸರ್ಕಾರದ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೂ ಮಾತಾಡಬಹುದು.

ಹೆಜ್ಜೆ 7: ತಿಂಗಳು ತುಂಬದೆ ಹುಟ್ಟಿದರೆ ಹಾಲಿನ ಬ್ಯಾಂಕ್ ಕೇಳಿ

37 ವಾರಕ್ಕೆ ಮೊದಲು ಹುಟ್ಟಿದ ಮಗು, ಎರಡೂವರೆ ಕಿಲೋಗಿಂತ ಹಗುರವಾದ ಮಗು. ಕೆಲವಕ್ಕೆ ಚೀಪುವ ಶಕ್ತಿಯೇ ಇರುವುದಿಲ್ಲ. ಮೊದಲ ಆಯ್ಕೆ ಆಗಲೂ ತಾಯಿಯದೇ ಹಾಲು, ಎರಡು ಮೂರು ಗಂಟೆಗೊಮ್ಮೆ ಹಿಂಡಿ ಕೊಟ್ಟಿದ್ದು. ಅದು ಸಿಗದಿದ್ದರೆ ಎರಡನೆಯದು ಬೇರೆ ತಾಯಂದಿರು ದಾನ ಮಾಡಿದ ಹಾಲು. ಪುಡಿಹಾಲು ಅದರ ನಂತರ. ತೀರಾ ಎಳೆಯ ಮಕ್ಕಳಲ್ಲಿ ಕರುಳು ಕೊಳೆಯುವ ಒಂದು ಭಯಂಕರ ಕಾಯಿಲೆ ಬರುತ್ತದೆ. ತಾಯಿಹಾಲು, ದಾನದ ಹಾಲು ಕುಡಿದವರಲ್ಲಿ ಅದು ಕಡಿಮೆ.

ಏಷ್ಯಾದಲ್ಲೇ ಮೊದಲ ತಾಯಿಹಾಲಿನ ಬ್ಯಾಂಕ್ ಶುರುವಾದದ್ದು ನಮ್ಮ ಸಯನ್ ಆಸ್ಪತ್ರೆಯಲ್ಲಿ, 1989ರಲ್ಲಿ. ಕಟ್ಟಿದವರು ಡಾ. ಅರ್ಮಿಡಾ ಫರ್ನಾಂಡಿಸ್. ಅಲ್ಲಿನ ನವಜಾತ ಶಿಶುಗಳ ವಿಭಾಗದಲ್ಲಿ ಸೋಂಕಿನಿಂದ ಮಕ್ಕಳು ಸಾಯುವುದನ್ನು ನೋಡಿ ಸುಮ್ಮನಿರಲಾಗದ ಡಾಕ್ಟರು. ಮುಂದೆ 1999ರಲ್ಲಿ ಸ್ನೇಹಾ ಅನ್ನುವ ಸಂಸ್ಥೆ ಕಟ್ಟಿ ಧಾರಾವಿಯಂಥ ಕಡೆ ತಾಯಿ ಮಕ್ಕಳಿಗಾಗಿ ಕೆಲಸ ಮಾಡಿದರು. ಈ ನಗರದ ಬಗ್ಗೆ ನನಗೆ ಹೆಮ್ಮೆ ಅನ್ನಿಸುವ ಸಂಗತಿಗಳಲ್ಲಿ ಇದು ಒಂದು.

ಕೊಡುವುದು ಹೇಗೆ? ನಿಮ್ಮ ಮಗು ಕುಡಿದು ಉಳಿಯುವಷ್ಟು ಹಾಲಿದ್ದರೆ ಸಾಕು. ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಮಾಡುತ್ತಾರೆ. ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿ, ಬೇಗ ತಣಿಸಿ, ಕ್ರಿಮಿ ಇಲ್ಲ ಅಂತ ಪರೀಕ್ಷಿಸಿ, ಮೈನಸ್ 20 ಡಿಗ್ರಿಯಲ್ಲಿ ಇಡುತ್ತಾರೆ. ದುಡ್ಡು ಕೊಡುವುದಿಲ್ಲ, ಇದು ದಾನ. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಹಾಲು ನಿಲ್ಲಿಸುವ ಮೊದಲು ನಾಲ್ಕು ದಿನ ಬಂದು ಕೊಟ್ಟು ಹೋದಳು. ಅವಳ ಜೊತೆ ನಾನು ಏನೂ ಮಾತಾಡಲಿಲ್ಲ, ಬೆನ್ನ ಮೇಲೆ ಕೈ ಇಟ್ಟು ಕೂತಿದ್ದೆ. ಪಕ್ಕದ ಮನೆಯವರ ಹಾಲನ್ನು ಹಾಗೇ ಕುಡಿಸುವುದು, ಫೋನಿನಲ್ಲಿ ಪರಿಚಯವಾದವರಿಂದ ತರುವುದು ಬೇಡ. ಪರೀಕ್ಷೆ ಆಗಿರುವುದಿಲ್ಲ.

ಹೆಜ್ಜೆ 8: ಕೆಲಸಕ್ಕೆ ಮರಳುವಾಗ

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡುವ ಬಿಡುವು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೊಠಡಿ. ರಜೆಗೆ ಹೋಗುವ ಮೊದಲೇ ಇದನ್ನೆಲ್ಲ ಬರವಣಿಗೆಯಲ್ಲಿ ಕೇಳಿ. ಮನೆಗೆಲಸದವರಿಗೆ, ದಿನಗೂಲಿಯವರಿಗೆ ಇದು ಹೆಚ್ಚಾಗಿ ಸಿಗುವುದಿಲ್ಲ ಅನ್ನುವುದು ನನ್ನನ್ನು ಕಾಡುತ್ತದೆ. ನಿಮ್ಮ ಮನೆಯಲ್ಲಿ ಕೆಲಸ ಮಾಡುವವಳು ಹಾಲೂಡುವ ತಾಯಿಯಾದರೆ, ಮಗುವನ್ನು ಜೊತೆಗೆ ಕರೆತರಲು ಬಿಡಿ.

ಕೆಲಸ ಶುರುವಾಗುವ ಎರಡು ವಾರ ಮೊದಲೇ ಹಿಂಡಿ ಇಡುವುದು ರೂಢಿ ಮಾಡಿಕೊಳ್ಳಿ. 25 ಡಿಗ್ರಿಯವರೆಗಿನ ಕೋಣೆಯಲ್ಲಿ ಹಾಲು 4 ಗಂಟೆ ತಡೆಯುತ್ತದೆ. ಇಲ್ಲಿನ ಸೆಕೆಗೆ ಅಷ್ಟು ನಂಬಬೇಡಿ, ಬೇಗ ಫ್ರಿಜ್ಜಿಗೆ ಇಡಿ. ಫ್ರಿಜ್ಜಿನಲ್ಲಿ 4 ದಿನ. ಬಾಗಿಲ ಕಡೆ ಇಡದೆ ಒಳಗೆ ಹಿಂದಕ್ಕೆ ಇಡಿ. ಡಬ್ಬಿ ಮೇಲೆ ತಾರೀಕು ಬರೆಯಿರಿ. ಕಲ್ಯಾಣದಿಂದ ಸಿಎಸ್‌ಎಂಟಿಗೆ ಲೋಕಲ್ಲಿನಲ್ಲಿ ಹೋಗಿ ಬರುವವರು ಐಸ್ ಪ್ಯಾಕ್ ಇಟ್ಟ ಚೀಲ ಒಯ್ಯಿರಿ. ಬಿಸಿ ನೀರಿನ ಬಟ್ಟಲಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ. ಮಗು ಕುಡಿದು ಬಿಟ್ಟದ್ದನ್ನು ಎರಡು ಗಂಟೆಯಾದ ಮೇಲೆ ಚೆಲ್ಲಿಬಿಡಿ.

ಹೆಜ್ಜೆ 9: ಆರು ತಿಂಗಳು ತುಂಬಿದ ದಿನ

ಹೊಟ್ಟೆಯಲ್ಲಿದ್ದಾಗ ಕೂಡಿಟ್ಟ ಕಬ್ಬಿಣ ಈ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಎದೆಹಾಲು ಎರಡು ವರ್ಷ, ಅದಕ್ಕಿಂತ ಹೆಚ್ಚು ಕಾಲವೂ ಮುಂದುವರಿಯಲಿ. ಜೊತೆಗೆ ಊಟ ಶುರು ಮಾಡಿ. ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಎರಡು ಮೂರು ಸಲ, ಒಂಬತ್ತರಿಂದ ಮೂರು ನಾಲ್ಕು ಸಲ. ಬೇಳೆ, ಮೊಟ್ಟೆ, ಮುಳ್ಳು ತೆಗೆದ ಮೀನು, ಸೊಪ್ಪು, ಕುಂಬಳಕಾಯಿ, ಬಾಳೆಹಣ್ಣು ಒಂದೊಂದಾಗಿ ಸೇರಿಸಿ. ಉಪ್ಪು ಒಂದು ವರ್ಷದವರೆಗೆ, ಸಕ್ಕರೆ ಎರಡು ವರ್ಷದವರೆಗೆ ಬೇಡ. ಬೇಳೆಯ ಕಟ್ಟು, ಅಕ್ಕಿ ಗಂಜಿ ತಿಳಿ ಹೊಟ್ಟೆ ತುಂಬಿಸುತ್ತವೆ, ಮೈ ತುಂಬಿಸುವುದಿಲ್ಲ.

ನಾನು ಮೊದಲು ಹೇಳಿಕೊಡುವುದು ರಾಗಿ ಮಣ್ಣಿ, ನಮ್ಮ ಬಯಲುಸೀಮೆಯವರ ರಾಗಿ ಸರಿ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಸ್ವಲ್ಪ ಬೆಚ್ಚಗೆ ಹುರಿದು ಬೀಸಿ, ಜರಡಿ ಹಿಡಿಯಿರಿ. ಮೊಳಕೆ ಬಂದ ರಾಗಿ ಬೇಯಿಸಿದಾಗ ಅಂಟಂಟಾಗಿ ಗಟ್ಟಿಯಾಗುವುದಿಲ್ಲ, ಹಾಗಾಗಿ ಕಡಿಮೆ ನೀರಿನಲ್ಲಿ ಜಾಸ್ತಿ ಹಿಟ್ಟು ಹಿಡಿಯುತ್ತದೆ. ಎರಡು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬೇಯಿಸಿ. ಅರ್ಧ ಚಮಚ ತುಪ್ಪ ಬಿಡಿ. ಚಮಚ ಓರೆ ಮಾಡಿ ನೋಡಿ. ನೀರಿನ ಹಾಗೆ ಸುರಿದರೆ ಇನ್ನೂ ತೆಳು, ಮತ್ತೆ ಒಲೆಗೆ ಇಡಿ. ಚಮಚಕ್ಕೆ ಅಂಟಿ ಮೆಲ್ಲಗೆ ಜಾರಿದರೆ ಹದ. ಮಗುವನ್ನು ಮಡಿಲಲ್ಲಿ ನೆಟ್ಟಗೆ ಕೂರಿಸಿ, ಚಮಚದ ತುದಿಯಷ್ಟು ಕೆಳತುಟಿಗೆ ತಾಗಿಸಿ. ಮೊದಲ ದಿನ ಉಗಿಯುತ್ತದೆ. ನಾಲಿಗೆಯಿಂದ ಹೊರಗೆ ತಳ್ಳುವುದು ಅದಕ್ಕಿನ್ನೂ ರೂಢಿ. ಒರೆಸಿ, ಎದೆಹಾಲು ಕೊಡಿ, ನಾಳೆ ಮತ್ತೆ ಒಂದು ಚಮಚ.